ಬಕೆಟ್ಟಮ್ಮ ಮತ್ತು ಕರಡಿಯ ಹಸಿವು

ಮನುಷ್ಯರ ಮುಖ ನೋಡುವ ಮೊದಲು ಅವರು ತಟ್ಟೆಯಲ್ಲಿ ಬಿಟ್ಟುಹೋದದ್ದನ್ನು ನೋಡುವ ಒಬ್ಬ ಹೆಂಗಸನ್ನು ನಾನು ಬಲ್ಲೆ. ನಮ್ಮ ಕಂಪನಿಯ ಆಟದ ಪಾರ್ಕಿನ ಕ್ಯಾಂಟೀನಿನಲ್ಲಿ ಮಕ್ಕಳು ಊಟ ಮುಗಿಸಿ ಜಾರುಬಂಡಿಯ ಕಡೆ ಓಡಿದ ಮೇಲೆ, ಉಳಿದದ್ದನ್ನು ಸುರಿದ ಬಕೆಟ್ಟಿನ ಮುಂದೆ ಸ್ಟೂಲು ಎಳೆದುಕೊಂಡು ಕೂತು, ಉದ್ದ ಹಿಡಿಯ ಚಮಚದಿಂದ ಕೆದಕಿ ನೋಡಿ, ಮಾಸಿದ ಬೂದುಬಣ್ಣದ ಕೋಟಿನ ಜೇಬಿನಿಂದ ಮೋಟು ಪೆನ್ಸಿಲು ತೆಗೆದು ಏನನ್ನೋ ಗುರುತು ಮಾಡಿಕೊಳ್ಳುತ್ತಿದ್ದರು. ಏನು ಕೇಳಿದರೂ ಮೊದಲ ಮಾತು "ಇರಲಿ, ನೋಡೋಣ". ಕೊನೆಯ ಮಾತೂ ಬಹುಮಟ್ಟಿಗೆ ಅದೇ. ಅವರಿಗೆ ಬಕೆಟ್ಟಮ್ಮ ಎಂದು ಹೆಸರಿಟ್ಟವನು ನಾನು. ಶುದ್ಧ ಹೊಟ್ಟೆಕಿಚ್ಚಿನಿಂದ ಇಟ್ಟೆ. ವಾರ ಕಳೆಯುವುದರೊಳಗೆ ಇಡೀ ಆಫೀಸು ಆ ಹೆಸರನ್ನು ಅಕ್ಕರೆಯಿಂದ ಕರೆಯತೊಡಗಿತು, ಅವರೂ ಖುಷಿಯಾಗಿ ಓಗೊಡತೊಡಗಿದರು. ನನ್ನ ನಾಲಿಗೆಯ ವಿಷಕ್ಕೆ ಒಂದಿಷ್ಟೂ ಬೆಲೆ ಇಲ್ಲವಾಯಿತು.

ಕಿಚ್ಚಿಗೆ ಕಾರಣವಿತ್ತು. ನಮ್ಮದು ಮಕ್ಕಳೂ ಹಿರಿಯರೂ ಒಟ್ಟಿಗೆ ಕೂತು ನೋಡುವ ಕಾರ್ಟೂನು ಮಾಡುವ ಕಂಪನಿ. ಅದರ ಪ್ರಾಣ ಒಂದು ಕರಡಿಮರಿ. ಆ ಕರಡಿಮರಿಗೆ ಹದಿನಾಲ್ಕು ವರ್ಷ ಮಾತು ಕೊಟ್ಟವನು ನಾನು. ಕ್ರೀಮ್ ಬಿಸ್ಕತ್ತಿನ ಪೊಟ್ಟಣದ ಮೇಲೆ ಅದು ಹೇಳುತ್ತದಲ್ಲ, "ಒಂದು ನಿನಗೆ, ಮಿಕ್ಕಿದ್ದೆಲ್ಲ ನನಗೆ!", ಅದು ನನ್ನ ಸಾಲು. ಬಸ್ಸಿನಲ್ಲಿ, ಶಾಲೆಯ ಗೇಟಿನಲ್ಲಿ, ದಂತವೈದ್ಯರ ಬಾಗಿಲಲ್ಲಿ ಕೂಡ ಮಕ್ಕಳು ಅದನ್ನು ಕೂಗುವುದನ್ನು ಕೇಳಿದ್ದೇನೆ. ನಾನು ಎರಡು ಕವನಸಂಕಲನ ತಂದಿದ್ದೇನೆಂಬುದು ನನ್ನ ಹೆಂಡತಿಗೇ ಮರೆತುಹೋಗಿದೆ. ಈ ಒಂದು ಸಾಲನ್ನು ಮಾತ್ರ ನನ್ನ ಸಹಿಯಿಲ್ಲದೆ ಅಲ್ಲಿಂದ ಅಳಿಸುವಂತಿಲ್ಲ, ಬೇರೆಡೆಗೆ ಒಯ್ಯುವಂತಿಲ್ಲ ಎಂದು ಕರಾರಿನಲ್ಲಿ ಬರೆಸಿಕೊಂಡಿದ್ದೆ.

ಕರಡಿಯ ಹೆಸರು ಹೇಳಿ ಮಕ್ಕಳಿಗೆ ಬರೀ ಸಕ್ಕರೆ ತಿನ್ನಿಸುತ್ತೀರಿ ಎಂದು ತಾಯ್ತಂದೆಯರ ಪತ್ರಗಳು ರಾಶಿಯಾಗಿ ಬಂದಾಗ, ಇನ್ನು ಮೇಲೆ ಕರಡಿ ತರಕಾರಿ ಹಣ್ಣನ್ನೂ ಮಾರಬೇಕೆಂದು ಡೈರೆಕ್ಟರು ತೀರ್ಮಾನಿಸಿದರು. ಅದು ನನ್ನ ಕೆಲಸವೇ ಎಂದುಕೊಂಡೆ. ಕ್ಯಾಂಟೀನಿನಲ್ಲಿ ಮಾರುವ ಬೇಯಿಸಿದ ಬಟಾಣಿಯ ಪುಟ್ಟ ಕಪ್ಪಿನ ಮೇಲೆ ಎಂಟು ಸಾಲಿನ ಪದ್ಯ ಬರೆದೆ. ಬಲ, ಬುದ್ಧಿ, ಆರೋಗ್ಯ, ಆಯುಷ್ಯ, ಒಂದನ್ನೂ ಬಿಡಲಿಲ್ಲ. ಕಪ್ಪಿಗೊಂದು ಕರಡಿಯ ಸ್ಟಿಕ್ಕರು. ಎರಡು ವಾರ ಬಟಾಣಿ ಬಿಸಿಬಿಸಿಯಾಗಿ ಖರ್ಚಾಯಿತು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಮೂರನೆಯ ಸೋಮವಾರ, ಶಾಲೆಯ ಅಡುಗೆಮನೆಯಿಂದ ಆಗಷ್ಟೇ ನಮ್ಮಲ್ಲಿಗೆ ಬಂದಿದ್ದ ಈ ಹೆಂಗಸು ಮೀಟಿಂಗ್ ರೂಮಿನ ಗಾಜಿನ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಬಕೆಟ್ಟು ತಂದಿಟ್ಟರು.

"ನೋಡಿ ಸಾರ್. ಅಪ್ಪ ಅಮ್ಮ ಕೊಂಡ್ಕೊಂಡಿದ್ದಾರೆ, ಮಕ್ಕಳು ತಿಂದಿಲ್ಲ."

ಬಕೆಟ್ಟಿನ ತುಂಬ ಬಟಾಣಿ. ಸ್ಟಿಕ್ಕರು ಒಂದೂ ಇಲ್ಲ. ಅವೆಲ್ಲ ಅಂಗಿಗಳ ಮೇಲೆ, ಬೆಂಚುಗಳ ಅಡಿಯಲ್ಲಿ ಕ್ಷೇಮವಾಗಿದ್ದವು. ಯಾರೋ ಕಿಸಕ್ಕನೆ ನಕ್ಕರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಂದಿನಿಂದ ಅವರ ಮೇಲೆ ಕಣ್ಣಿಟ್ಟೆ. ಅವರ ನಡಿಗೆಯೇ ಒಂದು ನೋಟ. ಕ್ಯಾಂಟೀನಿನ ಉದ್ದಕ್ಕೂ ಮಂಡಿ ಮಡಿಸಿ, ಸೊಂಟ ತಗ್ಗಿಸಿ, ಆ ಸ್ಥೂಲ ದೇಹವನ್ನು ಅರ್ಧಕ್ಕೆ ಇಳಿಸಿಕೊಂಡು, ಕೀಲುಗಳು ಲಟಲಟ ಅನ್ನುವಂತೆ ನಡೆಯುತ್ತಿದ್ದರು. ಇದೇನು ವೇಷವೆಂದು ಕೇಳಿದೆ. "ಆರು ವರ್ಷದ ಮಗು ಎತ್ತರದಿಂದ ನೋಡ್ತಿದ್ದೀನಿ ಸಾರ್. ಇಲ್ಲಿಂದ ಬರೀ ಚಾಕೊಲೇಟೇ ಕಾಣ್ಸುತ್ತೆ. ಹಣ್ಣೆಲ್ಲ ನಿಮ್ಮ ಎದೆ ಹತ್ರ ಇದೆ" ಅಂದರು. ಮರುದಿನ ಹಣ್ಣು ಕೆಳಗಿನ ಶೆಲ್ಫಿಗೆ ಇಳಿಯಿತು, ಚಾಕೊಲೇಟು ಮೇಲೇರಿತು. ಮಕ್ಕಳ ಊಟದ ಜೊತೆ ತಾನಾಗಿ ಬರುತ್ತಿದ್ದ ಚಿಪ್ಸಿನ ಜಾಗಕ್ಕೆ ಸೇಬಿನ ಹೋಳು ಬಂತು. ಚಿಪ್ಸ್ ಬೇಕಾದವರು ಬಾಯಿಬಿಟ್ಟು ಕೇಳಬೇಕು. ಹೆಚ್ಚಿನವರು ಕೇಳಲಿಲ್ಲ. ಇಷ್ಟು ಸಣ್ಣ ಉಪಾಯ ನನಗೇಕೆ ಹೊಳೆಯಲಿಲ್ಲವೆಂದು ಮೈ ಪರಚಿಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ನಾನು ಶೆಲ್ಫೇ ಡೊಂಕಾಗಿದೆಯೆಂದು ಸಂಬಂಧಪಟ್ಟವರಿಗೆ ದೂರು ಬರೆದೆ.

ಕಡೆಗೆ ಒಂದು ಶನಿವಾರ, ಅವರ ಬಂಡವಾಳ ಬಯಲು ಮಾಡುವ ಉದ್ದೇಶದಿಂದಲೇ, ನನ್ನ ಏಳು ವರ್ಷದ ಮಗಳನ್ನು ಕ್ಯಾಂಟೀನಿಗೆ ಕರೆದೊಯ್ದೆ. ತರಕಾರಿಯೆಂದರೆ ನನ್ನ ಮಗಳು ತುಟಿಗೆ ಬೀಗ ಹಾಕುವವಳು. ಅವಳ ಮುಂದೆ ನನ್ನ ಬಟಾಣಿ ಪದ್ಯವನ್ನು ರಾಗವಾಗಿ ಹಾಡಿ ಸೋತಿದ್ದೆ. ಬಕೆಟ್ಟಮ್ಮ ಅವಳನ್ನು ಮಾತಾಡಿಸಲಿಲ್ಲ. ಪಕ್ಕದಲ್ಲಿ ಕೂತು, ಜೇಬಿನಿಂದ ಒಂದು ಡಬ್ಬಿ ತೆಗೆದು, ಉದ್ದುದ್ದ ಸೀಳಿದ ಕ್ಯಾರೆಟ್ಟನ್ನು ಕಟಂ ಕಟಂ ಎಂದು ತಿನ್ನತೊಡಗಿದರು.

"ನಂಗೆ?" ಅಂದಳು ಮಗಳು.

"ಇದು ನಂದು ಪುಟ್ಟಿ."

"ಒಂದೇ ಒಂದು, ಆಂಟಿ?"

"ಇರಲಿ, ನೋಡೋಣ." ಡಬ್ಬಿಯನ್ನು ಇನ್ನಷ್ಟು ತಮ್ಮ ಕಡೆಗೇ ಎಳೆದುಕೊಂಡರು. ಬಹಳ ಯೋಚನೆ ಮಾಡಿದವರಂತೆ ಒಂದು ತುಂಡು ಕೊಟ್ಟರು. ಮಗಳು ಐದು ತುಂಡು ಕಸಿದು ತಿಂದಳು. ದಾರಿಯಲ್ಲಿ ನನ್ನ ಕೈ ಹಿಡಿದು, "ಅಪ್ಪಾ, ಆ ಆಂಟಿ ನಮ್ಮನೆಗೆ ಬರ್ತಾರಾ?" ಎಂದು ಕೇಳಿದಳು. ತಂದೆಯಾದವನಿಗೆ ಸಂತೋಷವಾಗಬೇಕಾಗಿತ್ತು. ನನಗೆ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು.

ಮುಂದಿನ ಮೀಟಿಂಗಿನಲ್ಲಿ ಬಕೆಟ್ಟಮ್ಮ ನನ್ನ ಬುಡಕ್ಕೇ ಕೈ ಹಾಕಿದರು. ಬಿಸ್ಕತ್ತಿನ ಪೊಟ್ಟಣದಿಂದ ಕರಡಿ ಹೋಗಬೇಕು ಅಂದರು. ಬಿಸ್ಕತ್ತು, ತರಕಾರಿ ಎರಡರ ಮೇಲೂ ಇರಲಿ ಬಿಡಿ, ಯಾರಿಗೇನು ನಷ್ಟ ಎಂದರು ಮಾರಾಟದ ಮುಖ್ಯಸ್ಥರು.

"ಬೆಳಿಗ್ಗೆ ಬಿಸ್ಕತ್ತು ಸೂಪರ್ ಅನ್ನೋ ಕರಡಿ ಮಧ್ಯಾಹ್ನ ಕ್ಯಾರೆಟ್ಟೇ ಸೂಪರ್ ಅಂದ್ರೆ ಮಕ್ಕಳು ನಂಬ್ತಾರಾ ಸಾರ್? ಅವೇನು ದಡ್ಡವಾ?" ಆಮೇಲೆ ನನ್ನ ಕಡೆ ತಿರುಗಿದರು. "ಆ ಬಿಸ್ಕತ್ತಿನ ಮಾತು ನಮಗೆ ಕೊಟ್ಬಿಡಿ. ಕ್ಯಾರೆಟ್ ಡಬ್ಬಿ ಮೇಲೆ ಹಾಕ್ತೀನಿ."

ಎಲ್ಲರೂ ನನ್ನನ್ನು ನೋಡಿದರು. ನನ್ನ ಸಹಿಯೊಂದೇ ಅಡ್ಡ. ಕ್ಯಾರೆಟ್ಟು ಮಾರಾಟವಾಗದೆ ಮೂಲೆಗೆ ಬಿದ್ದರೆ ಜಗತ್ತಿಗೆ ಗೊತ್ತಿರುವ ನನ್ನ ಒಂದೇ ಸಾಲೂ ಅದರ ಜೊತೆಗೇ ಹೋಗುತ್ತದೆ. "ಯಾಕೆ, ನನ್ನ ಬಟಾಣಿ ಪದ್ಯಕ್ಕೆ ಏನಾಗಿದೆ?" ಎಂದು ಕೇಳಿದೆ.

"ಪದ್ಯ ಚೆನ್ನಾಗಿದೆ ಸಾರ್. ಆದ್ರೆ ಅದರಲ್ಲಿ ಕರಡಿಗೆ ಹಸಿವೇ ಇಲ್ಲ. ಊಟ ಮುಗಿಸ್ಕೊಂಡು ಬಂದು ಬುದ್ಧಿ ಹೇಳ್ತಾ ನಿಂತಿದೆ. ಬಿಸ್ಕತ್ತಿನ ಮಾತಲ್ಲಿ ಹಸಿವಿದೆ. ನಂಗೆ ಸಿಗದೇ ಹೋಗುತ್ತೇನೋ ಅಂತ ಮಗುಗೆ ಹೊಟ್ಟೆ ಉರಿಯುತ್ತೆ. ಅದನ್ನ ಬರೆದೋರಿಗೆ ಆ ಉರಿ ಚೆನ್ನಾಗಿ ಗೊತ್ತಿರ್ಬೇಕು."

ಆ ಮಾತಿನಲ್ಲಿ ವ್ಯಂಗ್ಯವಿದೆಯೇ ಎಂದು ಅವರ ಮುಖ ಹುಡುಕಿದೆ. ಎಳ್ಳಷ್ಟೂ ಇರಲಿಲ್ಲ; ನಿಜವಾಗಿ ಹೊಗಳಿದ್ದರು. ವ್ಯಂಗ್ಯವಿದ್ದಿದ್ದರೆ ಎದ್ದು ಹೋಗಿಬಿಡುತ್ತಿದ್ದೆ. ಇಲ್ಲದ್ದರಿಂದ ಸಹಿ ಹಾಕಿದೆ, ಪೆನ್ನು ಹಾಳೆಯನ್ನು ಹರಿಯುವಷ್ಟು ಒತ್ತಿ.

ಈಗ ಕರಡಿ ಕ್ಯಾರೆಟ್ಟಿನ ಡಬ್ಬಿಯನ್ನು ಎದೆಗವಚಿಕೊಂಡು ಓರೆಗಣ್ಣಿನಿಂದ ನೋಡುತ್ತದೆ, ಮೇಲೆ ನನ್ನ ಸಾಲು. ಮಕ್ಕಳು ಅದನ್ನು ಕೂಗಿಕೊಂಡೇ ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕುತ್ತಾರೆ. ಹದಿನಾಲ್ಕು ವರ್ಷ ಹಲ್ಲು ಹುಳುಕು ಮಾಡಿದ ಸಾಲು ಈಗ ಒಳ್ಳೆಯದನ್ನು ಮಾಡುತ್ತಿದೆ, ಅದೂ ಬಕೆಟ್ಟಮ್ಮನ ಕೈಯಲ್ಲಿ. ಅಭಿನಂದಿಸಲು ಹೋದಾಗ ಅವರು, "ನಿಮ್ದೇ ಅಲ್ವಾ ಸಾರ್ ಮಾತು?" ಎಂದು ಹೇಳಿ, ಮಂಡಿ ಮಡಿಸಿಕೊಂಡು ಮುಂದಿನ ಮೇಜಿಗೆ ನಡೆದರು.

ಇಂಥವರು ಎಲ್ಲ ಕಸುಬಿನಲ್ಲೂ ಇರುತ್ತಾರೆ. ಕೀರ್ತಿಯನ್ನು ಕೇಳದವರು, ಕೊಟ್ಟರೆ ಎಲ್ಲಿಡಬೇಕೆಂದು ತಿಳಿಯದೆ ಪಕ್ಕದವನ ಕೈಗೆ ದಾಟಿಸುವವರು. ಲೋಕವು ಹೇಳುವುದನ್ನು ಕೇಳದೆ, ಅದು ಮಾಡುವುದನ್ನು ಮಾತ್ರ ನೋಡುತ್ತ ಕೂರುವವರು. ಅವರ ಮೇಲೆ ಅಸೂಯೆ ಪಡುವಷ್ಟು ನಿಷ್ಫಲವಾದ ಶ್ರಮ ಇನ್ನೊಂದಿಲ್ಲ. ಏಕೆಂದರೆ ಅವರು ಓಟಕ್ಕೆ ನಿಂತೇ ಇರುವುದಿಲ್ಲ. ನಾವೊಬ್ಬರೇ ಏದುಸಿರು ಬಿಡುತ್ತ ಓಡಿ, ನಾವೊಬ್ಬರೇ ಗುರಿ ಮುಟ್ಟಿ, ಎರಡನೆಯವರಾಗಿ ನಿಂತಿರುತ್ತೇವೆ.