ಒಳಗಿನ ಚಿಲಕ

ನಮ್ಮ ಮನೆಯ ಬಚ್ಚಲಿಗೆ ಒಂಬತ್ತು ತಿಂಗಳಿಂದ ಚಿಲಕವಿರಲಿಲ್ಲ. ಬಚ್ಚಲಿಗಷ್ಟೇ ಅಲ್ಲ, ಯಾವ ಕೋಣೆಗೂ ಇರಲಿಲ್ಲ. ಅಣ್ಣ ತೀರಿಕೊಂಡ ಮರುದಿನವೇ ಅಮ್ಮ ಸ್ಕ್ರೂಡ್ರೈವರ್ ಹಿಡಿದು ಎಲ್ಲವನ್ನೂ ಒಂದೊಂದಾಗಿ ಕಿತ್ತಳು. ತೂತುಗಳು ಹಾಗೇ ಉಳಿದಿದ್ದವು.

ಹಾಗಾಗಿ ಬಚ್ಚಲಿಗೆ ಹೋದವರು ಗಟ್ಟಿಯಾಗಿ ಪದ್ಯ ಹೇಳುತ್ತಿರಬೇಕಿತ್ತು. ಅಮ್ಮ ಚಿಕ್ಕಂದಿನಲ್ಲಿ ನನಗೂ ಅಣ್ಣನಿಗೂ ಬಾಯಿಪಾಠ ಮಾಡಿಸಿದ್ದ ದೇವರ ಪದ್ಯಗಳು. ದನಿ ಕೇಳುತ್ತಿದ್ದರೆ ಹೊರಗಿನವರು ಕಾಯಬೇಕು, ನಿಂತರೆ ಬಾಗಿಲು ನೂಕಬೇಕು. ಚಿಕ್ಕಮ್ಮ ಬಂದಿದ್ದಾಗ ಪದ್ಯ ಬಾರದೆ ಮಗ್ಗಿ ಹೇಳಿದಳು. ಹದಿನೇಳರ ಮಗ್ಗಿಯಲ್ಲಿ ತಡವರಿಸಿದ್ದೇ ತಡ, ಅಮ್ಮ ಕೈಯಲ್ಲಿದ್ದ ಪಾತ್ರೆ ಬಿಸುಟು ಓಡಿದಳು.

"ಅಯ್ಯೋ, ಸತ್ತಿಲ್ಲ ಕಣೇ ಅಕ್ಕ, ಮರ್ತೋಯ್ತು ಅಷ್ಟೆ!" ಎಂದ ಚಿಕ್ಕಮ್ಮ ತಕ್ಷಣ ನಾಲಿಗೆ ಕಚ್ಚಿಕೊಂಡಳು.

ನನಗೂ ಅಮ್ಮನಿಗೂ ಮಾತು ಕಡಿಮೆ. ಬೆಳಿಗ್ಗೆ ಒಮ್ಮೆ ಬಾಗಿಲಾಚೆಯಿಂದ ಅವಳ ಪದ್ಯ ನನಗೆ, ನನ್ನದು ಅವಳಿಗೆ. ಅಲ್ಲಿಗೆ ಆ ದಿನದ ಮಾತು ಮುಗಿಯಿತು.

ಅಮ್ಮನ ಕಸುಬು ಬೀಗ. ಊರಿಗೆಲ್ಲ ಅವಳು ಕೀಲಿಯಮ್ಮ. ಅಣ್ಣ ತೀರಿಕೊಂಡ ದಿನವೂ ಯಾರದೋ ಬೀರುವಿನ ಬೀಗ ತೆಗೆದುಕೊಡಲು ಊರಿನ ಆ ತುದಿಗೆ ಹೋಗಿದ್ದಳು. ಅಣ್ಣ ಕಿಟಕಿ ಮುಚ್ಚಿ, ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕೆ ನಿಂತಿದ್ದ. ಅದರ ವಿಷಗಾಳಿ ಒಳಗೇ ತುಂಬಿಕೊಂಡದ್ದು ನಮಗೆ ಆಮೇಲೆ ತಿಳಿಯಿತು. ನೀರು ಬೀಳುವ ಸದ್ದು ಬಹಳ ಹೊತ್ತು ಕೇಳುತ್ತಲೇ ಇತ್ತು. ಎರಡು ಸಲ ಬೈದೆ, ಮೂರನೆಯ ಸಲ ಬಾಗಿಲು ಬಡಿದೆ, ಆಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಪಕ್ಕದ ಮನೆಯವರು ಬಂದು ಬಾಗಿಲು ಒದ್ದರು. ಅಮ್ಮನೇ ಆರಿಸಿ ಹಾಕಿದ್ದ ಗಟ್ಟಿ ಚಿಲಕ, ಜಗ್ಗಲಿಲ್ಲ. ಅವಳು ಬಂದು ಸೇರಲು ಇಪ್ಪತ್ತು ನಿಮಿಷ ಹಿಡಿಯಿತು. ಬಾಗಿಲು ತೆಗೆಯಲು ಒಂದೇ ನಿಮಿಷ.

ಅಂದಿನಿಂದ ನಾನು ಕೇಳುತ್ತಿದ್ದುದು ಇಷ್ಟೇ: "ನಂಗೂ ಕಲಿಸು." ಅವಳು "ಇನ್ಯಾಕೆ?" ಎಂದು ಮುಖ ತಿರುಗಿಸುತ್ತಿದ್ದಳು.

ಮೊನ್ನೆ ನಾನೇ ಒಂದು ಚಿಲಕ ತಂದು ಬಚ್ಚಲ ಬಾಗಿಲಿಗೆ ಹಾಕಿದೆ. ಅಮ್ಮ ಮಧ್ಯಾಹ್ನ ಊಟಕ್ಕೆ ಬಂದಳು.

"ಯಾರೇ ಹಾಕಿದ್ದು ಇದನ್ನ?"

"ನಾನೇ."

"ಕಿತ್ತುಹಾಕು."

"ಕೀಳಲ್ಲ."

ಬಾಗಿ ನೋಡಿದಳು. "ಒಂದೊಂದು ಸ್ಕ್ರೂನೂ ಕುಡುಕರ ಥರ ವಾಲಿದೆಯಲ್ಲೇ! ಕೀಲಿಯಮ್ಮನ ಮಗಳು ಅಂತ ಎಲ್ಲೂ ಹೇಳ್ಕೋಬೇಡ."

"ಕಲಿಸಿದ್ರೆ ತಾನೇ ಬರೋದು?"

ಅವಳು ಅಡುಗೆಮನೆಯತ್ತ ಹೊರಟಳು. ನಾನು ಬಿಡಲಿಲ್ಲ. "ಬೇಗ ಯಾಕೆ ಫೋನ್ ಮಾಡ್ಲಿಲ್ಲ ಅಂತ ಒಂದ್ಸಲ ಬೈದುಬಿಡಮ್ಮ. ಹಿಂಗೆ ಸುಮ್ಮನಿರ್ಬೇಡ."

"ನಿನ್ನ ಬೈಯೋಕೆ ನಂಗೆಲ್ಲಿದೆ ಬಾಯಿ?" ಅಮ್ಮ ಗೋಡೆಗೆ ಕೈಕೊಟ್ಟು ನಿಂತಳು. "ಶಾಲೆಯಲ್ಲಿದ್ದಾಗ್ಲೇ ಕಲಿಸು ಅಂತ ನನ್ನ ಪ್ರಾಣ ತಿಂದಿದ್ದೆ ನೀನು. ಕೈಯೆಲ್ಲ ಹಾಳಾಗುತ್ತೆ, ಹೋಗಿ ಓದ್ಕೋ ಅಂದೆ. ಅವತ್ತು ಕಲಿಸಿದ್ದಿದ್ರೆ..."

ಅಮ್ಮ ಚೀಲದಿಂದ ಸ್ಕ್ರೂಡ್ರೈವರ್ ತೆಗೆದಳು. ನನ್ನ ಸ್ಕ್ರೂಗಳನ್ನೆಲ್ಲ ಬಿಚ್ಚಿ ನೇರವಾಗಿ ಕೂರಿಸಿದಳು. ಗರಗಸದ ತೆಳು ಬ್ಲೇಡೊಂದನ್ನು ನನ್ನ ಕೈಗಿಟ್ಟಳು.

"ಸಂದಿಯಲ್ಲಿ ತೂರಿಸು. ಬ್ಲೇಡಿನ ಹಲ್ಲು ಚಿಲಕದ ಸರಳನ್ನ ಕಚ್ಚಬೇಕು. ಅವಸರ ಬೇಡ, ಕೂದಲೆಳೆಯಷ್ಟೇ ಸರಿಸು. ಮತ್ತೆ ಕಚ್ಚಿಸು, ಮತ್ತೆ ಸರಿಸು."

ಹೇಳಿದವಳೇ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಆ ಸದ್ದು ಕೇಳಿದ್ದೇ ನಾನು ಬಾಗಿಲು ಬಡಿದೆ.

"ಅಮ್ಮ, ಬೇಡ! ಬಾಗಿಲು ತೆಗೆದಿಟ್ಟೇ ಹೇಳಿಕೊಡು."

"ತೆರೆದಿರೋ ಬಾಗಿಲಲ್ಲಿ ಏನೇ ಕಲೀತೀಯ? ತೆಗಿ."

ಒಳಗೆ ಪದ್ಯ ಶುರುವಾಯಿತು. ಬ್ಲೇಡು ಜಾರಿತು, ಬೆರಳು ಗೀರಿತು. ಎರಡನೆಯ ಪದ್ಯದ ನಡುಸಾಲಿನಲ್ಲಿ ಅಮ್ಮನ ದನಿ ನಿಂತುಹೋಯಿತು. ಬೇಕೆಂದೇ ನಿಲ್ಲಿಸಿದ್ದಾಳೆಂದು ನನಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಕೂಗಬೇಕೆನಿಸಿತು. ಕೂಗಲಿಲ್ಲ. ಅವಳು ಬಿಟ್ಟ ಸಾಲನ್ನು ನಾನೇ ಹೊರಗಿನಿಂದ ಹಿಡಿದು ಹೇಳುತ್ತ ಹೋದೆ. ಒಂದು ಪದಕ್ಕೆ ಒಮ್ಮೆ ಕಚ್ಚಿಸಿದೆ, ಒಮ್ಮೆ ಸರಿಸಿದೆ. ಪದ್ಯ ಮುಗಿದು, ಮತ್ತೊಂದು ಮುಗಿಯುವ ಹೊತ್ತಿಗೆ ಸರಳು ಟಕ್ಕೆಂದು ಹಿಂದೆ ಸರಿಯಿತು.

ಅಮ್ಮ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ನಲ್ಲಿ ತಿರುಗಿಸಿರಲಿಲ್ಲ, ಆದರೂ ಮುಖವೆಲ್ಲ ಒದ್ದೆ. ಕಣ್ಣು ಕೈಗಡಿಯಾರದ ಮೇಲಿತ್ತು.

"ಆರು ನಿಮಿಷ," ಎಂದಳು. "ಬಹಳ ಆಯ್ತು."

ನನ್ನ ಬೆರಳಿನ ರಕ್ತವನ್ನು ಸೆರಗಿನಿಂದ ಒರೆಸಿ, ನನ್ನನ್ನು ಹೊಸಿಲಾಚೆಗೆ ನೂಕಿ, ಮತ್ತೆ ಚಿಲಕ ಹಾಕಿಕೊಂಡಳು.

"ಇನ್ನೊಂದ್ಸಲ."

ನಾನು ಬ್ಲೇಡು ತೂರಿಸಿದೆ.