ಸುನಂದಾಬಾಯಿಗೆ ಯಂತ್ರ ತಿಳಿಸಿದ್ದು

ಮಿರಜ ಜಂಕ್ಷನ್ನಿನಲ್ಲಿ ಒಮ್ಮೆ ಹಟ ಹಿಡಿದು ನಿಂತ ರೈಲು ಎಂಜಿನ್ನಿನ ಕಿವಿಯಲ್ಲಿ ಹುಲಿಗೆಪ್ಪ ಎರಡೇ ಮಾತು ಉಸುರಿದ. ಅದು ಡ್ರೈವರನನ್ನೂ ಬಿಟ್ಟು ಸಾಂಗಲಿಯವರೆಗೆ ಓಡಿ, ಅಲ್ಲಿ ನಿಂತು ಅವನ ಹೆಸರು ಹಿಡಿದು ಮೂರು ಸಲ ಸೀಟಿ ಊದಿತು. ಕಣ್ಣಾರೆ ಕಂಡವರು ಸಾವಿರ ಜನ. ಅವರಲ್ಲಿ ಒಬ್ಬರೂ ಈಗ ಸಿಗುವುದಿಲ್ಲ, ಅಷ್ಟೇ.

ಕುಪವಾಡದ ಅರಿಶಿನಪುಡಿ ಕಾರ್ಖಾನೆಯಲ್ಲಿ ಚೀಲ ಹೊರುವ ಹುಲಿಗೆಪ್ಪ ನಾಲ್ಕು ವರ್ಷದಿಂದ ಇದನ್ನೇ ಹೇಳುತ್ತ ಬಂದಿದ್ದ. ಹಾಗಾಗಿ ಆಯುಧ, ಯಂತ್ರಗಳಿಗೆ ಮಾಡುವ ಖಂಡೇಪೂಜೆ, ದಸರೆ ಮುಗಿದು ಕಾರ್ಖಾನೆ ತೆರೆದ ಮುಂಜಾನೆ ಪಾಕೀಟು ತುಂಬುವ ಯಂತ್ರ ಕೆಟ್ಟಾಗ ಎಲ್ಲರೂ ಅವನ ಮುಖ ನೋಡಿದರು.

ಯಂತ್ರಕ್ಕೆ ಹುಚ್ಚೇ ಹಿಡಿದಿತ್ತು. ಪಾಕೀಟಿನ ಪಟ್ಟಿಯನ್ನು ಸಿಕ್ಕಸಿಕ್ಕಲ್ಲಿ ಕತ್ತರಿಸಿ, ನೆಲದ ಮೇಲೆ ಅರಿಶಿನದ ಸಹ್ಯಾದ್ರಿಯನ್ನೇ ಎಬ್ಬಿಸಿತ್ತು. ಮಾಲಕ ಗುರುಸಿದ್ಧಪ್ಪ ಯಂತ್ರ ನಡೆಸುವ ಕಾಂಚನಳತ್ತ ತಿರುಗಿದರು.

"ಪೂಜಿ ಮೊದಲ ಛಲೋ ಇತ್ತು. ಇದಕ್ಕ ಕೈ ಹಚ್ಚಾಕಿ ನೀ ಒಬ್ಬಾಕಿ. ಹನ್ನೆರಡಕ್ಕ ಲಾರಿ ಬರತೈತಿ. ಅಷ್ಟರಾಗ ಚಾಲೂ ಆಗಲಿಲ್ಲಂದ್ರ ನಾಳಿಂದ ಬರಬ್ಯಾಡ."

"ಮಾಲಕ, ಮೀ ಕಾಹೀಚ್ ನಾಹಿ ಕೇಲಂ... ನಾ ಏನೂ ಮಾಡಿಲ್ರಿ."

ಅವಳೊಬ್ಬಳ ಪಗಾರದ ಮೇಲೆ ಮನೆಯಲ್ಲಿ ಐದು ಹೊಟ್ಟೆ ಇದ್ದವು. ಹುಲಿಗೆಪ್ಪನ ಬಾಯಿ ಅವನನ್ನು ಕೇಳದೆಯೇ ತೆರೆಯಿತು.

"ಸಾವ್ಕಾರ್ರ, ಹುಲಿಗೆಪ್ಪ ಇರೂತನಾ ಯಾಕ್ ಚಿಂತಿ ಮಾಡ್ತೀರಿ?"

ಗಡಿಯಾರದಲ್ಲಿ ಹನ್ನೊಂದೂಕಾಲು. ನಟ್ಟು ಬಿಚ್ಚುವ ಪಾನಾ ಹಿಡಿದು ಒಂದೇ ನಟ್ಟನ್ನು ಹದಿನೈದು ನಿಮಿಷ ತಟ್ಟಿದ. ಕೃಷ್ಣೆಗೆ ಮಹಾಪೂರ ಬರುವಷ್ಟು ಬೆವರು ಸುರಿಯಿತು. ಕಾಂಚನ ಗಡಿಯಾರವನ್ನೂ ಅವನನ್ನೂ ನೋಡುತ್ತಿದ್ದಳು.

"ಕಾಯ ಝಾಲಂ ರೇ? ಮಲಾ ತರೀ ಸಾಂಗ," ಎಂದಳು ಪಾಕೀಟು ಆರಿಸುವ ಮುದುಕಿ ಸುನಂದಾಬಾಯಿ. ಏನಾಗಿದೆ, ನನಗಾದರೂ ಹೇಳು ಎಂದು. ಅವಳಿಗೆ ಕನ್ನಡ ಬಾರದು.

ಸುಮ್ಮನೆ ನಿಂತರೆ ಮಾಲಕರಿಗೆ ಕಾಣುತ್ತದೆಂದು ಹುಲಿಗೆಪ್ಪ ಹೇಳತೊಡಗಿದ. ಅವನ ಮರಾಠಿ ಕಾಯಿಪಲ್ಲೆ ಕೊಳ್ಳುವಷ್ಟೇ. ಶಬ್ದ ಸಿಗದಲ್ಲೆಲ್ಲ ಬೆರಳಿಟ್ಟು ತೋರಿಸಬೇಕಾಯಿತು. ಪಟ್ಟಿ ಇಲ್ಲಿಂದ ಬರುತ್ತದೆ.

"ಪುಢೇ?"

ಮುಂದೇನು ಎಂದು ಅವಳು. ಇಲ್ಲಿ ಪುಡಿ ಬೀಳುತ್ತದೆ.

"ಪುಢೇ?"

ಇಲ್ಲಿ ಕತ್ತರಿ.

"ಕುಠಂ ಕಾಪಾಯಚಂ, ತಿಲಾ ಕೋಣ ಸಾಂಗತಂ?"

ಎಲ್ಲಿ ಕತ್ತರಿಸಬೇಕೆಂದು ಅದಕ್ಕೆ ಯಾರು ಹೇಳುತ್ತಾರೆ? ಹಿಂದೊಮ್ಮೆ ರಿಪೇರಿಯವನ ಬಾಯಲ್ಲಿ ಕೇಳಿದ್ದು ಹುಲಿಗೆಪ್ಪನಿಗೆ ನೆನಪಾಯಿತು.

"ಡೋಳಾ," ಎಂದ. ಕಣ್ಣು. ಪಟ್ಟಿಯ ಮೇಲಿನ ಕಪ್ಪು ಗುರುತನ್ನು ನೋಡಿ ಕತ್ತರಿಗೆ ಹೇಳುವ, ಉದ್ದಿನಕಾಳಿನಷ್ಟು ಗಾಜು. ತೋರಿಸಲು ಅದರ ಮೇಲೆ ಬೆರಳಿಟ್ಟ. ಬೆರಳು ಬೆಳ್ಳಗಾಯಿತು.

ವಿಭೂತಿ! ಖಂಡೇಪೂಜೆಯಂದು ಯಂತ್ರಕ್ಕೆ ಮೂರು ಪಟ್ಟೆ ಎಳೆದದ್ದು. ಎಳೆದ ಕೈ ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಟವೆಲ್ಲು ಒದ್ದೆ ಮಾಡಿ ಗಬಗಬನೆ ಒರೆಸಿದ. ಹನ್ನೆರಡಕ್ಕೆ ಹತ್ತು ನಿಮಿಷ.

"ಕಾಂಚನಾ, ಚಾಲೂ ಮಾಡವಾ."

ಟಪ್, ಟಪ್, ಟಪ್. ಪಾಕೀಟುಗಳು ಒಂದರ ಹಿಂದೊಂದು ನೆಟ್ಟಗೆ ಬಿದ್ದವು.

"ಭಲೇ ಮಗನ! ಏನಾಗಿತ್ತೋ?" ಎನ್ನುತ್ತ ಗುರುಸಿದ್ಧಪ್ಪ ಓಡಿಬಂದರು.

"ಒಳಗಿನ ಗಾಲಿ ಹೋಗಿದ್ವು ರೀ. ಹನ್ನೆರಡೂ ಬಿಚ್ಚಿ ಕೂಡಿಸೇನಿ."

"ಹನ್ನೆರಡು ಗಾಲಿ!" ಮಾಲಕರು ಕಾಂಚನಳತ್ತ ತಿರುಗಿದರು. "ಅಷ್ಟು ಕೆಡೂತನಾ ಏನ್ ಮಾಡ್ತಿದ್ದಿ? ಲಾರಿ ತುಂಬಿಸಿ ಮನಿಗೆ ಹೊಂಡಿನ್ನ, ನಾಳಿಂದ ಬರಬ್ಯಾಡ."

ಕಾಂಚನ ಯಂತ್ರದ ಗುಂಡಿ ಬಿಟ್ಟು ಸುನಂದಾಬಾಯಿಯತ್ತ ತಿರುಗಿದಳು. ಹನ್ನೆರಡು ಗಾಲಿಯ ಮಾತನ್ನು ಅವಳಿಂದ ಮರಾಠಿಯಲ್ಲಿ ಕೇಳಿ ಮುದುಕಿಗೆ ಎಲ್ಲ ತಿಳಿಯಿತು.

"ಕಸಲೀ ಚಾಕಂ? ತ್ಯಾನಂ ನುಸತಾ ಡೋಳಾ ಪುಸಲಾ!" ಯಾವ ಗಾಲಿ, ಬರೀ ಕಣ್ಣು ಒರೆಸಿದ ಎಂದು ಹುಲಿಗೆಪ್ಪನ ಬೆಳ್ಳಗಾದ ಟವೆಲ್ಲು ಎಳೆದು ತೋರಿಸಿದಳು.

"ಇಬತ್ತಿ? ಯಾರ್ ಹಚ್ಚಿದ್ರು ಇದನ್ನ?" ಮಾಲಕರು ವಿಭೂತಿಯ ಕಲೆ ಮುಟ್ಟಿ ಕೇಳಿದರು.

ಹುಲಿಗೆಪ್ಪನ ನಾಲಗೆಯ ಮೇಲೆ ನೂರು ಉತ್ತರ ಸಾಲುಗಟ್ಟಿದ್ದವು. ಕಾಂಚನ ಆಗಲೇ ಊಟದ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡಿದ್ದಳು.

"ನಾನರೀ," ಎಂದ. "ಹಣಿ ಅಂತ ತಿಳದು ಕಣ್ಣಿಗೆ ಹಚ್ಚೀನಿ. ಆಕಿದೇನೂ ತಪ್ಪಿಲ್ಲ. ಗಾಲಿ ಅದರಾಗ ಎಷ್ಟ್ ಅದಾವು, ಎಲ್ಲಿ ಅದಾವು, ನನಗೊಂದೂ ಗೊತ್ತಿಲ್ಲರಿ. ಪಾನಾ ಹಿಡದದ್ದ ಇವತ್ತ ಮೊದಲು. ಈ ಮುದುಕಿ ಕೇಳಿದ್ಲು, ಅದಕ್ಕ ತಿಳೀತು."