ಸೋರೆಕಾಯಿಯ ತುದಿ

ಬಾಲ್ಕನಿಯ ಸೋರೆಬಳ್ಳಿಯಲ್ಲಿ ಉಳಿದದ್ದು ಒಂದೇ ಕಾಯಿ. ಹೂವೇನೋ ಬೇಕಾದಷ್ಟು ಬಿಟ್ಟಿತ್ತು, ಆದರೆ ನಾಲ್ಕನೇ ಮಹಡಿಗೆ ದುಂಬಿ ಯಾಕೆ ಹತ್ತಿಬರುತ್ತೆ? ಸಂಜೆ ಹೂವರಳುವ ಹೊತ್ತಿಗೆ ನಾನೇ ಗಂಡುಹೂವು ಕಿತ್ತು ಹೆಣ್ಣುಹೂವಿಗೆ ಸವರುತ್ತಿದ್ದೆ. ಎದುರು ಮನೆಯವರು ನೋಡಿದರೆ ನಾಚಿಕೆ, ಅದಕ್ಕೆ ಒಣಗಿದ ಬಟ್ಟೆಯನ್ನೇ ಮತ್ತೆ ಒಣಹಾಕುತ್ತಿದ್ದೆ. ಆಮೇಲೆ ಅಮ್ಮನಿಗೆ ಜ್ವರ ಬಂತು. ಅವಳ ಜೊತೆ ನಾನೂ ಆಸ್ಪತ್ರೆಯಲ್ಲೇ ಉಳಿದಾಗ ಬಳ್ಳಿಗೆ ನೀರು ಹಾಕುವವರೇ ಇರಲಿಲ್ಲ. ಬಂದು ನೋಡಿದರೆ ಎಲೆಗಳೆಲ್ಲ ಮುಟ್ಟಿದರೆ ಪುಡಿ. ಈ ಕಾಯಿ ಮಾತ್ರ ಹಟ ಹಿಡಿದು ಜೋತುಕೊಂಡಿತ್ತು.

ಇವತ್ತು ಭಾನುವಾರ. ಅಮ್ಮ ಒಂದು ಬಟ್ಟೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವಳು. ನಾಳೆ ಮತ್ತೆ ಕೆಲಸಕ್ಕೆ ಹೋಗಬೇಕು. ಅದೇ ಖುಷಿಗೆ ಸೋದರಮಾವನನ್ನು ಊಟಕ್ಕೆ ಕರೆದಿದ್ದಳು. ಖುಷಿ ಅಂದೆ, ಆದರೆ ಬೆಳಗ್ಗೆಯಿಂದ ಅವಳು ಒಂದು ಕಡೆ ನಿಂತಿರಲಿಲ್ಲ. ಒರೆಸಿದ ಕಟ್ಟೆಯನ್ನೇ ಒರೆಸುತ್ತಿದ್ದಳು. ಅವಳನ್ನು ನೋಡಿ ನನಗೂ ಕೂತಲ್ಲಿ ಕೂರಲಾಗಲಿಲ್ಲ.

ಅಮ್ಮ ರುಚಿ ನೋಡುವುದಕ್ಕೆ ಒಂದು ಕ್ರಮವಿದೆ. ಸೌಟಿನಿಂದ ಅಂಗೈಗೆ ಒಂದು ತೊಟ್ಟು ಹಾಕಿ, ನೆಕ್ಕಿ, ಕಣ್ಣು ಮುಚ್ಚುತ್ತಾಳೆ. ಸ್ವಲ್ಪ ಹೊತ್ತಾದ ಮೇಲೆ ನಾಲಿಗೆ 'ಟಕ್' ಅನ್ನುತ್ತದೆ. ಆ ಟಕ್ ಕೇಳುವವರೆಗೆ ನಮ್ಮನೆಯಲ್ಲಿ ಯಾರೂ ತಟ್ಟೆ ಮುಟ್ಟುವುದಿಲ್ಲ.

ಸೋರೆಕಾಯಿಗಾದರೆ ಹೆಚ್ಚುವ ಮುಂಚೆಯೇ ತುದಿ ಕೊಯ್ದು ತಿಂದು ನೋಡಬೇಕು. ಕಹಿಯಿದ್ದರೆ ಸೀದಾ ಕಸದ ಬುಟ್ಟಿಗೆ, ಕಹಿ ಸೋರೆ ಹೊಟ್ಟೆಗೆ ಹೋದರೆ ವಿಷ ಅಂತ ನನಗೆ ಹೇಳಿಕೊಟ್ಟವಳು ಅವಳೇ. ಇವತ್ತೂ ತುದಿ ಕೊಯ್ದು ಬಾಯಿಗೆ ಹಾಕಿಕೊಂಡಳು.

'ಟಕ್.'

"ಎಳನೀರಿನ ಥರ ಇದೆ ಕಣೇ," ಅಂದಳು.

ಟಕ್ ಬೇಗ ಬಂತು. ಅಗಿಯುವುದಕ್ಕೆ ಮುಂಚೆಯೇ.

ಹೋಳುಗಳು ಪಾತ್ರೆಗೆ ಬಿದ್ದವು. ಏನೋ ಕಸಿವಿಸಿ. ಬೆಲ್ ಆಗಿ ಅವಳು ಬಾಗಿಲು ತೆಗೆಯಲು ಹೋದಾಗ ಹಲಗೆಯ ಮೇಲೆ ಉಳಿದಿದ್ದ ಒಂದು ಚೂರು ಬಾಯಿಗಿಟ್ಟುಕೊಂಡೆ. ಅಯ್ಯೋ! ಸಿಂಕಿಗೆ ಓಡಿ ಉಗಿದೆ, ಬಾಯಿ ಮುಕ್ಕಳಿಸಿದೆ. ಕಹಿ ನಾಲಿಗೆಯ ಬುಡಕ್ಕೆ ಅಂಟಿಕೊಂಡು ಜಪ್ಪಯ್ಯ ಅಂದರೂ ಕದಲಲಿಲ್ಲ.

ಮೊನ್ನೆ ಚಹಾಕ್ಕೆ ಎರಡು ಸಲ ಸಕ್ಕರೆ ಬಿದ್ದಿತ್ತು. ನಿನ್ನೆಯ ಬೇಳೆಸಾರಿಗೆ ಉಪ್ಪೇ ಇರಲಿಲ್ಲ. ಅಮ್ಮ ಮರೆತಿರಬೇಕು ಅಂದುಕೊಂಡಿದ್ದೆ.

"ಏನಮ್ಮಾ ಗುಮ್ಮನಗುಸುಕಿ, ಡಿಗ್ರಿ ಆಯ್ತಲ್ಲ, ಇನ್ನಾದರೂ ಮಾತಾಡ್ತೀಯೋ ಇಲ್ವೋ?" ಮಾವ ಒಳಗೆ ಬಂದೇಬಿಟ್ಟ. ಬಸ್ ಓಡಿಸುವವನು, ಮನೆಯಲ್ಲೂ ಕೊನೇ ಸೀಟಿಗೆ ಕೇಳುವ ಹಾಗೆಯೇ ಮಾತು. "ಅಕ್ಕಾ, ಬೇಗ ಬಡಿಸು. ಹೊಟ್ಟೆ ತಾಳ ಹಾಕ್ತಿದೆ."

"ಅಮ್ಮಾ, ಸ್ವಲ್ಪ ಇಲ್ಲಿ ಬಾ," ಅಂದೆ.

"ಅಲ್ಲೇ ಹೇಳೆ, ಕೈ ಬಿಡುವಿಲ್ಲ."

ಮಾವನ ಮುಂದೆ ಹೇಗೆ ಹೇಳಲಿ? ಲೋಟ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಒಲೆ ಆರಿಸಿಬಿಡಲೇ? ಪಾತ್ರೆ ಕೈಜಾರಿತು ಅಂತ ಬೀಳಿಸಿಬಿಡಲೇ? ಬೀಳಿಸಿದರೆ ಇವತ್ತಿನದು ಮುಗಿಯುತ್ತೆ. ನಾಳೆ? ಆ ದೊಡ್ಡ ಹಂಡೆಗಳ ಮುಂದೆಯೂ ಅಮ್ಮ ಕಣ್ಣು ಮುಚ್ಚಿ ಹೀಗೇ ಟಕ್ ಅಂದುಬಿಟ್ಟರೆ? ಮಧ್ಯಾಹ್ನ ಹೊಲಿಗೆ ಬಿಟ್ಟು ಸಾಲಾಗಿ ಬರುವ ಹೆಂಗಸರು ಅದನ್ನು ನಂಬಿಯೇ ಊಟಕ್ಕೆ ಕೂರುತ್ತಾರೆ. ಹೇಳಿದರೆ ಅವಳ ಕೆಲಸವೇ ಹೋಗಬಹುದು.

ಸೋರೆ ಬೆಂದಿತು. ಅಮ್ಮ ಬಡಿಸಿದಳು. ಮಾವ ಕಲಸಿ ತುತ್ತೆತ್ತಿದ. ನಾನು ಅವನ ಮಣಿಕಟ್ಟು ಹಿಡಿದುಕೊಂಡೆ.

"ಕಹಿ. ತಿನ್ನಬೇಡ."

"ಅಲೆಲೆಲೆ, ಬಾಯಿ ಬಂತು!" ಅಂತ ನಗಲು ಹೋದವನು ನನ್ನ ಮುಖ ನೋಡಿ ತುತ್ತನ್ನು ತಟ್ಟೆಗೇ ಹಾಕಿದ.

"ಕಹಿ ಎಲ್ಲಿಂದ ಬರುತ್ತೆ? ನಾನು ನೋಡಿದೀನಲ್ಲ," ಅಮ್ಮ ಸೌಟಿನಿಂದ ಅಂಗೈಗೆ ತೊಟ್ಟು ಹಾಕಿಕೊಂಡು ನೆಕ್ಕಿದಳು. ಕಣ್ಣು ಮುಚ್ಚಿದಳು. ಈ ಸಲ ಟಕ್ ಬರಲಿಲ್ಲ. ಕಣ್ಣು ತೆರೆದಾಗ ನೋಡಿದ್ದು ಪಾತ್ರೆಯನ್ನಲ್ಲ, ನನ್ನನ್ನು.

"ಯಾವಾಗ ಗೊತ್ತಾಯ್ತು?"

"ಈಗ. ಚೂರು ತಿಂದೆ."

"ಜ್ವರ ಬಿಟ್ಟಾಗಿಂದ ಹೀಗೇ. ಮಣ್ಣು ತಿಂದರೂ ಒಂದೇ, ಬೆಲ್ಲ ತಿಂದರೂ ಒಂದೇ." ಸೌಟು ಕೆಳಗಿಟ್ಟಳು. "ಉಪ್ಪು-ಖಾರ ಕೈಗೆ ಗೊತ್ತು, ಹೇಗೋ ನಿಭಾಯಿಸ್ತೀನಿ ಅಂದ್ಕೊಂಡಿದ್ದೆ. ಆದರೆ ಇಂಥದ್ದು ಕೈಗೆ ಹೇಗೆ ಗೊತ್ತಾಗಬೇಕು? ನನ್ನ ತಮ್ಮನಿಗೇ ವಿಷ ಬಡಿಸಿದೆನಲ್ಲ."

"ತಿಂದಿಲ್ಲ ಬಿಡಕ್ಕಾ," ಮಾವ ತಟ್ಟೆ ದೂರ ಸರಿಸಿದ. ಅವನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲೇ ಇಲ್ಲ.

"ನಾನು ಬರ್ತೀನಿ," ಅಂದೆ. "ನಾಳೆ. ರುಚಿ ನಾನು ನೋಡ್ತೀನಿ."

"ನೀನಾ? ಅಲ್ಲಿ ಅಷ್ಟು ಜನರ ಎದುರು 'ಇದು ಕೆಟ್ಟಿದೆ' ಅಂತ ಕೂಗಿ ಹೇಳಬೇಕು. ಅಂಗಡಿಯವನ ಹತ್ತಿರ ಪೆನ್ನು ಕೇಳೋಕೂ ನನ್ನನ್ನ ಕಳಿಸ್ತೀಯ ನೀನು."

ನಾನು ಪಾತ್ರೆಯ ಸೋರೆಯನ್ನೂ ತಟ್ಟೆಯಲ್ಲಿದ್ದದ್ದನ್ನೂ ಕಸಕ್ಕೆ ಸುರಿದೆ. ಅಷ್ಟು ಸಂಜೆ ಹೂವು ಸವರಿದ್ದೆಲ್ಲ ದಂಡವಾಯಿತು. ಅಮ್ಮ ತರಕಾರಿ ಬುಟ್ಟಿಯಿಂದ ಟೊಮೆಟೊ ತಂದಳು. ಹೆಚ್ಚಿದಳು, ಬೇಯಿಸಿದಳು, ಉಪ್ಪು ಹಾಕಿದಳು. ನನ್ನ ಅಂಗೈ ಬಿಡಿಸಿ ಒಂದು ತೊಟ್ಟು ಹಾಕಿದಳು.

"ನೋಡು."

ನೆಕ್ಕಿದೆ. ಕಣ್ಣು ಮುಚ್ಚಿದೆ. ನಾಲಿಗೆಯ ಬುಡದಲ್ಲಿ ಕೂತಿದ್ದ ಸೋರೆಯ ಕಹಿ ಬೇರೇನನ್ನೂ ಒಳಗೆ ಬಿಡಲಿಲ್ಲ. ಉಪ್ಪಿದೆಯೋ, ಹುಳಿಯಿದೆಯೋ, ಒಂದೂ ತಿಳಿಯಲಿಲ್ಲ. ಕಣ್ಣು ಬಿಟ್ಟರೆ ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ. ಟಕ್ ಅಂದುಬಿಡುವುದು ಎಷ್ಟು ಸುಲಭ! ನಾಲಿಗೆ ಆಗಲೇ ಅಂಗುಳಿಗೆ ಹೋಗಿ ಅಂಟಿಕೊಂಡಿತ್ತು.

"ಗೊತ್ತಾಗ್ತಿಲ್ಲ," ಅಂದೆ.

"ಏನಂದೆ? ಜೋರಾಗಿ ಹೇಳು," ಅಂದಳು ಅಮ್ಮ.

"ನನಗೆ ಗೊತ್ತಾಗ್ತಿಲ್ಲ ಅಮ್ಮಾ!"

ದನಿ ನನ್ನದೇ ಅಂತ ನನಗೇ ನಂಬಿಕೆ ಬರಲಿಲ್ಲ. ಎದುರು ಮನೆಯ ಕಿಟಕಿಯಲ್ಲಿ ಯಾರೋ ಇಣುಕಿದರು. ಅಮ್ಮ ಒಲೆ ಸಣ್ಣ ಮಾಡಿ ನೀರಿನ ಲೋಟ ನನ್ನ ಕೈಗಿಟ್ಟಳು.

"ಬಾಯಿ ತೊಳ್ಕೊಂಡು ಬಾ. ಮತ್ತೆ ನೋಡುವಿಯಂತೆ," ಅಂದಳು. "ನಾಳೆ ನೀನೂ ಬೇಗ ಏಳಬೇಕು."